ಎರಡನೆಯ ಹಾರ

ಅಥವಾ ಮಿಲ್ಟ್ರಿ ಭರ್ತಿಯ ಓಟದ ದಿನ ನನ್ನ ತಮ್ಮ ವೀರೇಶ ನನ್ನ ಬೂಟು ಹಾಕಿಕೊಂಡೇ ಇರಲಿಲ್ಲವೇನೋ. ಬರಿಗಾಲಲ್ಲಿ ಓಡಿದೆ ಎಂದು ಅವನು ಈಗಲೂ ಹೇಳುತ್ತಾನೆ. ನನ್ನ ನೆನಪಿನಲ್ಲಿ ಮಾತ್ರ ಅವನ ಕಾಲಲ್ಲಿ ನನ್ನ ನೀಲಿ ಬೂಟುಗಳೇ ಇವೆ. ಎಡಗಾಲಿನ ಲೇಸು ಹರಿದು ಗಂಟು ಹಾಕಿದ್ದು ಕೂಡ ಕಾಣುತ್ತದೆ. ಇಷ್ಟು ಸ್ಪಷ್ಟವಾಗಿ ಕಾಣುವುದರಿಂದಲೇ ನನಗೆ ಅನುಮಾನ. ಹೊಟ್ಟೆಕಿಚ್ಚಿನವನ ಕಣ್ಣು ಇಲ್ಲದ ಬೂಟನ್ನೂ ಹೊಲಿದು ಕೊಡುತ್ತದೆ.

ನಾನು ಹಂಪಿಯಲ್ಲಿ ಗೈಡ್ ಕೆಲಸ ಮಾಡುತ್ತೇನೆ. ದಿನಾ ಆನೆಲಾಯದ ಮುಂದೆ ನಿಂತು ಸೈನ್ಯದ ಕಥೆ ಹೇಳುತ್ತೇನೆ. ಕೇಳುವವರು ಖುಷಿಯಾದರೆ ಆನೆಗಳು ಹೆಚ್ಚಾಗುತ್ತವೆ, ಬಿಸಿಲು ಜಾಸ್ತಿಯಾದರೆ ಯುದ್ಧ ಬೇಗ ಮುಗಿಯುತ್ತದೆ. ಕಥೆ ಹೇಗೆ ನುಣ್ಣಗಾಗುತ್ತದೆ ಎಂಬುದು ನನಗೆ ಗೊತ್ತು. ಹಾಗಾಗಿ ನನ್ನ ಕಾಯಿಲೆಯ ಕಥೆಯನ್ನು ಹೇಳುವಾಗ ನನ್ನನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಭಯದ ಬಗ್ಗೆ ಎಲ್ಲರೂ ಹೇಳಿದರು, ದುಃಖದ ಬಗ್ಗೆಯೂ ಹೇಳಿದರು. ರೋಗಿಗೆ ಹೊಟ್ಟೆಕಿಚ್ಚು ಆಗುತ್ತದೆ ಎಂದು ಯಾರೂ ಹೇಳಲಿಲ್ಲ. ಅದು ನನಗೊಬ್ಬನಿಗೇ ಬಂದ ಬೇರೆ ರೋಗ ಅಂದುಕೊಂಡಿದ್ದೆ.

ನಾವು ಕಂಪ್ಲಿ ಹತ್ತಿರದ ಮೆಟ್ರಿಯವರು. ನಮ್ಮ ಕಡೆ ಹುಡುಗರು ಬೆಳಗಾಗುತ್ತಲೇ ಕಾಲುವೆ ದಂಡೆಯ ಮೇಲೆ ಓಡುತ್ತಾರೆ. ಸಾವಿರದ ಆರುನೂರು ಮೀಟರ್ ಓಡಿ ಮುಗಿಸಿದರೆ ಮಿಲ್ಟ್ರಿ, ಇಲ್ಲದಿದ್ದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ. ನಾನು, ವೀರೇಶ, ತಿಪ್ಪೇಶ ಒಟ್ಟಿಗೆ ಓಡುತ್ತಿದ್ದೆವು. ತಿಪ್ಪೇಶ ಸಂಡೂರಿನವನು, ಮೆಟ್ರಿಯಲ್ಲಿ ಅಕ್ಕನ ಮನೆಯಲ್ಲಿದ್ದ. ಓಡುವಾಗಲೂ ಅವನ ಬಾಯಿ ನಿಲ್ಲುತ್ತಿರಲಿಲ್ಲ.

“ಸೊಂಡೂರು ಧೂಳು ಕುಡಿದು ಬೆಳೆದವರಲೇ ನಾವು. ನಮ್ಮ ರಕ್ತದಾಗ ಕಬ್ಬಿಣ ಐತಿ. ನಿಮ್ಮದೇನು, ಬರೇ ಭತ್ತದ ಗಂಜಿ!”

ಆದರೂ ಮೂವರಲ್ಲಿ ಮೊದಲು ಬರುತ್ತಿದ್ದವನು ನಾನೇ. ಇದನ್ನು ವೀರೇಶನೂ ಒಪ್ಪುತ್ತಾನೆ. ಈ ಒಂದು ಮಾತಿಗಾದರೂ ಸಾಕ್ಷಿ ಇದೆ.

ಸೈನ್ಯ ಭರ್ತಿಯ ರ್ಯಾಲಿಯಲ್ಲಿ ಮೂವರೂ ಓಟ ಗೆದ್ದೆವು. ಮರುದಿನ ವೈದ್ಯಕೀಯ ಪರೀಕ್ಷೆ. ಚಡ್ಡಿಯಲ್ಲಿ ಸಾಲಾಗಿ ನಿಲ್ಲಿಸಿದ್ದರು. ಮಿಲಿಟರಿ ಡಾಕ್ಟರು ಒಬ್ಬೊಬ್ಬರ ಕಣ್ಣು, ಹಲ್ಲು, ಪಾದ ನೋಡುತ್ತ ಬಂದು ನನ್ನ ಕುತ್ತಿಗೆಯ ಎಡಕ್ಕೆ ಎರಡು ಬೆರಳು ಇಟ್ಟು ನಿಂತರು. ಒತ್ತಿದರು. ಇನ್ನೊಮ್ಮೆ ಒತ್ತಿದರು. ಹಿಂದಿಯಲ್ಲಿ ಇದೇನು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅಲ್ಲಿ ಒಂದು ಗಂಟು ಇರುವುದು ನನಗೆ ನಿಜವಾಗಿ ಗೊತ್ತಿರಲಿಲ್ಲವೇ? ಅಂಗಿಯ ಕಾಲರು ಬಿಗಿಯಾಗಿದೆ ಎಂದು ಕೆಲವು ತಿಂಗಳಿಂದ ಗೊಣಗುತ್ತಿದ್ದೆ ಅಂತ ಅವ್ವ ಹೇಳುತ್ತಾಳೆ. ಕಾಲರನ್ನು ಬೈದೆನೇ ಹೊರತು ಕುತ್ತಿಗೆಯನ್ನು ಮುಟ್ಟಿ ನೋಡಿರಲಿಲ್ಲ.

ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. ನನ್ನ ಹಿಂದಿದ್ದ ವೀರೇಶನ ಕುತ್ತಿಗೆಯನ್ನೂ ಒತ್ತಿ ನೋಡಿದರು. ಅವನ ಹಿಂದಿದ್ದ ತಿಪ್ಪೇಶನದನ್ನೂ. ಇಬ್ಬರೂ ಮುಂದೆ ಹೋದರು.

ಹೊಸಪೇಟೆಯಲ್ಲಿ ಮೊದಲು ಟಿಬಿ ಗಡ್ಡೆ ಎಂದರು. ತಿಂಗಳುಗಟ್ಟಲೆ ಗುಳಿಗೆ ನುಂಗಿದೆ. ಗಂಟು ಕರಗಲಿಲ್ಲ, ಪಕ್ಕದಲ್ಲಿ ಇನ್ನೊಂದು ಎದ್ದಿತು. ಹುಬ್ಬಳ್ಳಿಗೆ ಹೋದೆವು. ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ನಾನೂ ಅವ್ವನೂ ಹೊರಗೆ ಕೂತಿದ್ದೆವು. ಅದೇ ವಾರ ವೀರೇಶನಿಗೆ ಟ್ರೇನಿಂಗಿಗೆ ಬರಲು ಹೇಳಿದ್ದರು. ಅವನಿಗೆ ಏನೇನು ಕಟ್ಟಿಕೊಡಬೇಕೆಂದು ಅವ್ವ ಆ ಬೆಂಚಿನ ಮೇಲೆಯೇ ಯೋಚಿಸುತ್ತಿದ್ದಳು. ಶೇಂಗಾ ಚಟ್ನಿ ಕೆಡುತ್ತದೋ ಇಲ್ಲವೋ ಎಂದು ನನ್ನನ್ನು ಕೇಳಿದಳು. ನನ್ನ ಕತ್ತಿನಿಂದ ತೆಗೆದ ತುಂಡು ಏನು ಹೇಳುತ್ತದೋ ಎಂದು ನಾನು ಕಾಯುತ್ತಿದ್ದೆ, ಅವಳಿಗೆ ಚಟ್ನಿಯ ಚಿಂತೆ. ಈಗ ಅನಿಸುತ್ತದೆ, ಅವಳು ಹಿಡಿದುಕೊಳ್ಳಲು ಏನೋ ಒಂದನ್ನು ಹುಡುಕುತ್ತಿದ್ದಳು. ಆಗ ಅನಿಸಿದ್ದು ಒಂದೇ: ಇಲ್ಲಿಯೂ ಅವನದೇ ಚಿಂತೆ.

ಡಾಕ್ಟರಮ್ಮ ಕಾಯಿಲೆಯ ಹೆಸರು ಹೇಳಿದರು. ರಕ್ತಕ್ಕೆ, ಗ್ರಂಥಿಗಳಿಗೆ ಸಂಬಂಧಿಸಿದ ಕ್ಯಾನ್ಸರ್. ಅವ್ವನ ಮುಖ ನೋಡಿ ಕೂಡಲೇ ಸೇರಿಸಿದರು: “ಹೆದರಬ್ಯಾಡ್ರಿ ಅಮ್ಮಾ. ಇದು ಮಾತು ಕೇಳೋ ಕಾಯಿಲೆ ಐತಿ.”

ಅವ್ವ ಕೇಳಿದಳು: “ಇವನೇ ನನ್ನ ಮಾತು ಕೇಳಂಗಿಲ್ರಿ. ಇವನ ಕಾಯಿಲೆ ನಿಮ್ಮ ಮಾತು ಕೇಳತೈತೇನ್ರಿ?”

ಡಾಕ್ಟರಮ್ಮ ನಕ್ಕರು. ನಾನೂ ನಕ್ಕೆ. ಅವ್ವ ನಗಲಿಲ್ಲ, ಅವಳು ಖರೇನೇ ಕೇಳಿದ್ದಳು.

ಹುಬ್ಬಳ್ಳಿಗೆ ಹತ್ತಿರವೆಂದು ನನ್ನನ್ನು ಗದಗಿನ ಸೋದರಮಾವನ ಮನೆಯಲ್ಲಿ ಇಟ್ಟರು. ಎರಡು ವಾರಕ್ಕೊಮ್ಮೆ ಆಸ್ಪತ್ರೆ. ಉದ್ದ ಕೋಣೆಯಲ್ಲಿ ಒರಗು ಕುರ್ಚಿಗಳು, ಪ್ರತಿ ಕುರ್ಚಿಗೂ ಒಂದು ಕಂಬ, ಕಂಬಕ್ಕೊಂದು ಬಾಟಲಿ. ಕೆಂಪು ಔಷಧಿಯನ್ನು ಸಿರಿಂಜಿನಲ್ಲಿ ಮೆಲ್ಲಗೆ ಏರಿಸುವಾಗ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಅಲ್ಲಿದ್ದ ಒಬ್ಬ ಸಿಸ್ಟರು ತಮ್ಮ ಊಟದ ಡಬ್ಬಿಯಿಂದ ನಿಂಬೆಹಣ್ಣಿನ ಹೋಳು ತೆಗೆದು, ಸಿಪ್ಪೆಯನ್ನು ಉಗುರಿನಿಂದ ಗೀರಿ ನನ್ನ ಅಂಗೈಯಲ್ಲಿ ಇಡುತ್ತಿದ್ದರು. “ಮೂಸ್ಕೋತ ಇರು, ಆ ಕಡಿ ನೋಡಬ್ಯಾಡ.” ಆ ಚಿಕಿತ್ಸೆಯಲ್ಲಿ ನನಗೆ ಇಷ್ಟವಾದ ಔಷಧಿ ಅದೊಂದೇ.

ಭಾನುವಾರ ವೀರೇಶನಿಗೆ ಫೋನು ಕೊಡುತ್ತಿದ್ದರು. ಕಾಲೆಲ್ಲ ಬೊಬ್ಬೆ ಎಂದು ಹೇಳುತ್ತಿದ್ದ. ತಪ್ಪು ಮಾಡಿದರೆ ಮಣ್ಣಲ್ಲಿ ಉರುಳಿಸುತ್ತಾರೆ, ಉಣ್ಣಲು ಕೂತರೆ ಸೀಟಿ ಊದುತ್ತಾರೆ, ತೂಕ ಇಳಿದಿದೆ ಎನ್ನುತ್ತಿದ್ದ. ಆ ಒಂದೊಂದನ್ನೂ ನಾನು ಬಯಸಿದೆ. ನನ್ನ ತೂಕವೂ ಇಳಿದಿತ್ತು, ಆದರೆ ಅದು ಮಲಗಿದ್ದಲ್ಲೇ ಇಳಿದದ್ದು. ಸುಸ್ತಿನಲ್ಲೂ ಜಾತಿ ಇದೆ. ಅವನದು ಓಡಿ ಗಳಿಸಿದ ಸುಸ್ತು, ಹೇಳಿಕೊಳ್ಳಬಹುದಾದದ್ದು. ನನ್ನದು ಚಾದರದ ಕೆಳಗೆ ಬಚ್ಚಿಡಬೇಕಾದದ್ದು.

“ಅಣ್ಣಾ, ತಲಿ ಪೂರಾ ಬೋಳಿಸ್ಯಾರ,” ಎಂದ ಒಂದು ಭಾನುವಾರ.

“ನಂದೂ ಹೋತು. ನಂಗ ಬೋಳಿಸೋರೂ ಬೇಕಾಗಲಿಲ್ಲ.”

ಅವನು ನಗಬೇಕೋ ಬೇಡವೋ ಎಂದು ತಡೆದ. ಆಮೇಲೆ ನಕ್ಕ. “ಯಾರು ಚೆಂದ ಅದಾರ ನೋಡೂಣು, ಫೋಟೋ ಕಳಸು.”

ಕಳಿಸಲಿಲ್ಲ. ಅವನ ಫೋಟೋ ಬಂತು. ಬೋಳು ತಲೆ, ಬಿಸಿಲಿಗೆ ಸುಟ್ಟ ಮೂಗು. ಅದನ್ನು ಅವ್ವ ಮಾವನ ಮನೆಯವರಿಗೆಲ್ಲ ತೋರಿಸಿದಳು. ನಾನು ಟೊಪ್ಪಿಗೆ ಹಾಕಿಕೊಂಡು ಅದೇ ಕೋಣೆಯಲ್ಲಿ ಕೂತಿದ್ದೆ.

ಇನ್ನೊಂದು ಮಾತು ಅವನು ಆಗಲೇ ಹೇಳಿದ್ದ, ಅಥವಾ ಆಮೇಲೆ ಎಂದಾದರೂ ಹೇಳಿದ್ದನ್ನು ನಾನು ಇಲ್ಲಿಗೆ ತಂದು ಇಡುತ್ತಿದ್ದೇನೆ. “ಇಲ್ಲಿ ಜ್ವರ ಬಂದ್ರ ಯಾರೂ ಹಣಿ ಮುಟ್ಟಿ ನೋಡಂಗಿಲ್ಲ. ನಿಂಗ ಅವ್ವ ಬಾಜೂಕ ಅದಾಳಲ್ಲ.” ಇದಕ್ಕೆ ನಾನೇನು ಉತ್ತರ ಕೊಟ್ಟೆನೋ ನೆನಪಿಲ್ಲ. ಅವನಿಗೂ ಹೊಟ್ಟೆಕಿಚ್ಚಿದೆ ಎಂದು ನನಗೆ ಹೊಳೆಯಲಿಲ್ಲ. ಹೊಟ್ಟೆಕಿಚ್ಚು ಪೂರ್ತಿ ನನ್ನ ಆಸ್ತಿ ಎಂದುಕೊಂಡಿದ್ದೆ.

ನನ್ನ ಕೊನೆಯ ಡೋಸು ಮುಗಿಯುವ ಹೊತ್ತಿಗೆ ಅವರ ಟ್ರೇನಿಂಗೂ ಮುಗಿಯಿತು. ವೀರೇಶ, ತಿಪ್ಪೇಶ ಮೊದಲ ರಜೆಗೆ ಬರುತ್ತಿದ್ದರು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಸಿಕ್ಕರು. ಕಪ್ಪು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ನಂಬರು. ರೈಲು ಹತ್ತಿದ ಮೇಲೂ ನನಗೆ ಚಳಿ ನಡುಕ. ವೀರೇಶ ತನ್ನ ಹಸಿರು ಜಾಕೆಟ್ಟು ಬಿಚ್ಚಿ ನನಗೆ ತೊಡಿಸಿದ. ತಿಪ್ಪೇಶ ಎದುರು ಕೂತು ಮಂಡಕ್ಕಿ ಮುಕ್ಕುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಬೋಳು ತಲಿ, ಒಣಗಿದ ಮೈ, ಮಾರಿ ಮ್ಯಾಲೆ ನಗು ಇಲ್ಲ. ಅಣ್ಣನೇ ಖರೇ ಫೌಜಿ ಕಾಣ್ತಾನಲೇ! ನಾವಿಬ್ರು ಹಮಾಲರು.”

ನಾವೆಲ್ಲ ನಕ್ಕೆವು, ಅವ್ವ ಮಾತ್ರ ಕಿಟಕಿಯಾಚೆ ನೋಡುತ್ತಿದ್ದಳು. ಮುನಿರಾಬಾದ್ ದಾಟಿ ಹೊಸಪೇಟೆ ಹತ್ತಿರವಾದಾಗ ಬಾಯಿಬಿಟ್ಟಳು.

“ಊರಾಗ ನೀನೂ ಟ್ರೇನಿಂಗಿಗೆ ಹೋಗೀದಿ ಅಂತ ಹೇಳೀನಪ್ಪಾ. ಮತ್ತೊಮ್ಮೆ ತಪಾಸು ಮಾಡಿ ತಗೊಂಡ್ರು ಅಂತ.”

“ಯಾಕವ್ವಾ?”

“ಆ ರೋಗದ ಹೆಸರು ಹೇಳಿದ್ರ ನಾಳೆ ನಿಂಗ ಯಾರು ಹೆಣ್ಣು ಕೊಡ್ತಾರ?”

ಗದಗಿನಲ್ಲಿ ನನ್ನನ್ನು ಯಾಕೆ ಇಟ್ಟರೆಂದು ಆಗ ತಿಳಿಯಿತು. ಸಿಟ್ಟು ಬಂದಿರಬೇಕು. ಆದರೆ ನನಗೆ ನೆನಪಿರುವುದು ಸಿಟ್ಟಲ್ಲ. ಇಷ್ಟು ತಿಂಗಳು ಮೆಟ್ರಿಯಲ್ಲಿ ನನ್ನ ಹೆಸರಿನವನೊಬ್ಬ ಎದೆ ಸೆಟೆಸಿ ಪರೇಡ್ ಮಾಡುತ್ತಿದ್ದ ಎಂಬುದು. ಅವನ ಮೇಲೂ ಹೊಟ್ಟೆಕಿಚ್ಚಾಯಿತು.

ಟ್ರೇನಿಂಗ್ ಮುಗಿಸಿ ಬರುವ ಹುಡುಗನನ್ನು ಸ್ಟೇಷನ್ನಿನಿಂದಲೇ ಹಾರ ಹಾಕಿ ಜೀಪಿನಲ್ಲಿ ಮೆರೆಸುವುದು ಈಗ ನಮ್ಮಲ್ಲಿ ಪದ್ಧತಿ. ಪ್ಲಾಟ್‌ಫಾರಮ್ಮಿನಲ್ಲಿ ಹಲಗೆ ಬಾರಿಸುತ್ತಿದ್ದರು. ಮೆಟ್ರಿಯ ಗೆಳೆಯರು ಹಿಡಿದ ಫ್ಲೆಕ್ಸಿನಲ್ಲಿ ವೀರೇಶನ ಮುಖದ ಪಕ್ಕ ನನ್ನ ಮುಖ. ನನ್ನ ಹಳೆಯ ಫೋಟೋಕ್ಕೆ ಯಾರದೋ ಸಮವಸ್ತ್ರದ ಮೈ ಅಂಟಿಸಿದ್ದರು. ಎರಡು ಹಾರ ತಂದಿದ್ದರು, ಅಣ್ಣನಿಗೊಂದು, ತಮ್ಮನಿಗೊಂದು. ತಿಪ್ಪೇಶನದು ಸಂಡೂರಿನಲ್ಲಿ ಆಗಬೇಕಿತ್ತು, ಅವನಿಗೆ ತಂದಿರಲಿಲ್ಲ.

ನಾನು ರೈಲಿನ ಬಾಗಿಲಲ್ಲೇ ನಿಂತೆ. ವೀರೇಶ ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ನನ್ನ ಆಸ್ಪತ್ರೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕೂಗಿದ: “ಏನ್ ನೋಡ್ತೀರಲೇ? ಹಾಕ್ರಿ, ಮೊದ್ಲು ಅಣ್ಣಗ!”

ಚೆಂಡುಹೂವಿನ ಹಾರ. ನೀರು ಚಿಮುಕಿಸಿದ್ದರು, ಕುತ್ತಿಗೆಯ ಹೊಲಿಗೆಯ ಗಾಯದ ಮೇಲೆ ತಣ್ಣಗೆ ಕೂತಿತು. ಎರಡನೆಯ ಹಾರವನ್ನು ವೀರೇಶ ತಿಪ್ಪೇಶನ ಕೊರಳಿಗೆ ಹಾಕಿದ. ವೀರೇಶ ಬರಿ ಕೊರಳಲ್ಲಿ ನಡೆದ. ನನಗೆ ನೆನಪಿರುವುದು ಹೀಗೆ.

ಜೀಪಿನಲ್ಲಿ ನಿಲ್ಲಿಸಿದರು. ಸ್ಟೇಷನ್ ರಸ್ತೆಯ ಅಂಗಡಿಯವರು ಕೈ ಎತ್ತಿದರು. ಯಾರೋ “ಯಾವ ರೆಜಿಮೆಂಟು?” ಎಂದು ಕೂಗಿದರೆ ವೀರೇಶ ನನ್ನ ಪರವಾಗಿ ಉತ್ತರಿಸಿದ. ನಾನು ಬಯಸಿದ್ದೆಲ್ಲ ಅಲ್ಲಿತ್ತು. ಆದರೂ ಹೊಟ್ಟೆಯೊಳಗಿನ ಕಿಚ್ಚು ಆರಲಿಲ್ಲ, ಬರಿ ಕೊರಳಲ್ಲಿ ಕೆಳಗೆ ನಡೆಯುತ್ತಿದ್ದವನೇ ಹಾರ ಹಾಕಿಕೊಂಡವನಂತೆ ಕಂಡ. ಆಮೇಲೆ ಜೀಪಿನ ಪಕ್ಕಕ್ಕೆ ಬಾಗಿ ವಾಂತಿ ಮಾಡಿಕೊಂಡೆ.

ಹಲಗೆ ನಿಂತಿತು. ಯಾರೋ ಅಂದರು: “ಮಿಲ್ಟ್ರಿ ರಮ್ಮು ಹೊಟ್ಯಾಗ ನಿಲ್ಲವಲ್ದು!”

ತಿಪ್ಪೇಶ ಜೀಪಿನ ಮೇಲೆ ಹಾರಿ ನನ್ನ ಬೆನ್ನು ಹಿಡಿದುಕೊಂಡ. “ಹೌದಲೇ! ನಾನ ಕುಡಿಸೀನಿ, ಏನೀಗ? ಬಾರಸ್ರಿ!”

ಜನ ಹೋ ಎಂದು ನಕ್ಕರು. ಹಲಗೆ ಮತ್ತೆ ಶುರುವಾಯಿತು. ಅವ್ವ ಸೆರಗಿನಿಂದ ನನ್ನ ಬಾಯಿ ಒರೆಸಿದಳು. ಆ ಗದ್ದಲದಲ್ಲಿ ತಿಪ್ಪೇಶನ ಅಂಗೈ ನನ್ನ ಬೆನ್ನು ಸವರುತ್ತ ಮೇಲೆ ಕೆಳಗೆ ಆಡುತ್ತಿತ್ತು, ಸಣ್ಣ ಮಗುವನ್ನು ತಟ್ಟುವ ಹಾಗೆ. ಇದು ಮಾತ್ರ ಸುಳ್ಳಾಗಿರಲಾರದು. ಬೆನ್ನು ಕಥೆ ಕಟ್ಟುವುದಿಲ್ಲ.

ರಜೆ ಮುಗಿದು ಇಬ್ಬರೂ ಒಂದೇ ಕಡೆ ಪೋಸ್ಟಿಂಗಿಗೆ ಹೋದರು. ನನಗೂ ಪೋಸ್ಟಿಂಗ್ ಆಗಿದೆ ಎಂದು ಅವ್ವ ಊರಿನವರಿಗೆ ಹೇಳಿದಳು, ನಾನು ಹಂಪಿಯಲ್ಲಿ ಉಳಿದು ಗೈಡ್ ಕೆಲಸ ಹಿಡಿದೆ. ತಾವು ಎಲ್ಲಿದ್ದೇವೆ ಎಂದು ವೀರೇಶ ಹೇಳುತ್ತಿರಲಿಲ್ಲ, ‘ಮೇಲೆ’ ಎನ್ನುತ್ತಿದ್ದ. ಅಲ್ಲಿ ನೀರು ಕುಡಿಯಬೇಕೆಂದರೆ ಹಿಮ ಕಾಯಿಸಬೇಕಂತೆ. ಫೋನಿನಲ್ಲಿ ಅವನ ಮಾತು ತಡವಾಗಿ ಬರುತ್ತಿತ್ತು, ನಮ್ಮ ನಗು ಅವನ ಮುಂದಿನ ಮಾತಿನ ಮೇಲೆ ಬೀಳುತ್ತಿತ್ತು. ಈ ಹೊತ್ತಿಗೆ ನನ್ನ ಸ್ಕ್ಯಾನಿನಲ್ಲಿ ಗಂಟು ಕಾಣಲಿಲ್ಲ. ಡಾಕ್ಟರಮ್ಮ ಅವ್ವನಿಗೆ, “ಕೇಳ್ತು ನೋಡ್ರಿ ಮಾತು,” ಎಂದರು. ಅವ್ವ ಆಗ ಅತ್ತಳು. ಸುದ್ದಿ ಹೇಳಲು ವೀರೇಶನಿಗೆ ಎಷ್ಟೋ ಸಲ ಪ್ರಯತ್ನಿಸಿದೆ, ಫೋನು ಹತ್ತಲಿಲ್ಲ. ಕೊನೆಗೆ ಅವನೇ ಮಾಡಿದ.

“ಅಣ್ಣಾ, ತಿಪ್ಪೇಶ ಹೋದ.”

ಎಲ್ಲಿಗೆ ಹೋದ ಎಂದು ಕೇಳಿದೆ. ಹಿಮ ಜಾರಿ ಮೈಮೇಲೆ ಬಿದ್ದಿತ್ತು. ತನಗೆ ರಜೆ ಸಿಗುವುದಿಲ್ಲ, ಸಂಡೂರಿಗೆ ನೀನು ಹೋಗಬೇಕು ಎಂದ. ನನ್ನ ಸ್ಕ್ಯಾನಿನ ಸುದ್ದಿ ಬಾಯಲ್ಲೇ ಉಳಿಯಿತು.

ಅವ್ವನ ಜೊತೆ ಸಂಡೂರಿಗೆ ಹೋದೆ. ಅದಿರಿನ ಲಾರಿಗಳು ನಿಂತಿದ್ದವು. ರಸ್ತೆಗೆ ಟ್ಯಾಂಕರಿನಿಂದ ನೀರು ಹೊಡೆದಿದ್ದರು, ಕೆಂಪು ನೀರು ಚರಂಡಿಗೆ ಹರಿಯುತ್ತಿತ್ತು. ಶಾಲೆ ಮಕ್ಕಳು ಎರಡೂ ಬದಿಗೆ. ಹೂವಿನ ವಾಹನ ಬಂದಾಗ ಗುರುತು ಪರಿಚಯವಿಲ್ಲದ ಗಂಡಸರು ಅತ್ತರು. ನಾನೂ ಅತ್ತೆ. ಅಳುತ್ತಲೇ ಒಂದು ಲೆಕ್ಕ ನಡೆದಿತ್ತು: ಹುಬ್ಬಳ್ಳಿಯ ಕುರ್ಚಿಯಲ್ಲಿ ನಾನು ಸತ್ತಿದ್ದರೆ ಯಾರು ನಿಲ್ಲುತ್ತಿದ್ದರು? ಹಂಪಿಯಲ್ಲಿ ನಾನು ವೀರಗಲ್ಲು ತೋರಿಸುತ್ತೇನೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಕಾಯಿಲೆಯಿಂದ ಸತ್ತವನಿಗೆ ಅಂಥ ಕಲ್ಲನ್ನು ನಾನಿನ್ನೂ ನೋಡಿಲ್ಲ. ಸತ್ತ ಗೆಳೆಯನ ಮೇಲೆ, ನನ್ನ ಬೆನ್ನು ತಟ್ಟಿದವನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೆ ಅದು ಅಲ್ಲಿ ಇತ್ತು.

ಫ್ಲೆಕ್ಸಿನಲ್ಲಿ ನನ್ನನ್ನು ನೋಡಿದವನೊಬ್ಬ ಗುರುತು ಹಿಡಿದ. “ಮಿಲ್ಟ್ರಿ ಹುಡುಗ ಬಂದಾನ, ದಾರಿ ಬಿಡ್ರಿ!” ನನ್ನನ್ನು ದಬ್ಬಿ ಮುಂದೆ ತಂದರು. ಸಮವಸ್ತ್ರದವರ ಪಕ್ಕ ನಿಂತೆ. ಗುಂಡು ಹಾರಿಸಿದರು. ಬಾವುಟ ಮಡಚಿ ತಿಪ್ಪೇಶನ ತಾಯಿ ಹುಲಿಗೆವ್ವನ ಕೈಗೆ ಕೊಟ್ಟರು. ಅವಳು ಅದನ್ನು ಹೇಗೆ ಹಿಡಿಯಬೇಕೋ ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಳು.

ಮಣ್ಣು ಮುಗಿದ ಮೇಲೆ ಅವರ ಮನೆಗೆ ಹೋದೆವು. ಹುಲಿಗೆವ್ವ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ನೀನೂ ಅಲ್ಲೇ ಇದ್ದೇನ ಯಪ್ಪಾ? ಕಡೀಕ ಏನಂದ ಅವ?”

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಗೈಡು. ಹೇಳಿದ್ದರೆ ಒಂದು ಒಳ್ಳೆಯ ಮಾತು ಹುಟ್ಟುತ್ತಿತ್ತು, ಅವ್ವಾ ಅಂದ ಅಂತ, ನೀರು ಕೇಳಿದ ಅಂತ. ಅವಳು ಬದುಕಿರುವವರೆಗೂ ಅದನ್ನು ಇಟ್ಟುಕೊಳ್ಳುತ್ತಿದ್ದಳು. ನನ್ನ ಬಾಯಿಗೆ ಬರಲಿಲ್ಲ.

“ನಾನು ಮಿಲ್ಟ್ರಿ ಅಲ್ಲವ್ವಾ. ನಾನಲ್ಲಿ ಇರಲಿಲ್ಲ. ನಂಗ ಕ್ಯಾನ್ಸರ್ ಆಗಿತ್ತು.”

ಪಕ್ಕದಲ್ಲಿ ಅವ್ವ ಉಸಿರು ಎಳೆದುಕೊಂಡದ್ದು ಕೇಳಿತು.

ಹುಲಿಗೆವ್ವ ಇನ್ನಷ್ಟು ಹತ್ತಿರ ಸರಿದಳು. “ಎಲ್ಲಿ ಆಗಿತ್ತು?”

ಕಾಲರು ಸರಿಸಿ ತೋರಿಸಿದೆ. ಅವಳು ಗಾಯದ ಮೇಲೆ ಎರಡು ಬೆರಳಿಟ್ಟಳು, ಅಂದು ಆ ಡಾಕ್ಟರು ಇಟ್ಟ ಹಾಗೆಯೇ.

“ಈಗ?”

“ಈಗಿಲ್ಲ. ಮಿಲ್ಟ್ರಿ ಡಾಕ್ಟರ ಕಂಡು ಹಿಡಿದ್ರು. ಅದಕ್ಕ ಉಳಿದೆ.”

ಅವಳು ಕೈ ತೆಗೆಯಲಿಲ್ಲ. ಮುಖ ಮಾತ್ರ ನನ್ನ ಅವ್ವನ ಕಡೆ ತಿರುಗಿತು. ಆ ನೋಟದ ಗುರುತು ನನಗೆ ತಕ್ಷಣ ಹತ್ತಿತು. ಅದು ನನ್ನದೇ ನೋಟ. ಟೊಪ್ಪಿಗೆ ಹಾಕಿಕೊಂಡು ಕೂತು ವೀರೇಶನ ಫೋಟೋವನ್ನು ನಾನು ಹಾಗೆಯೇ ನೋಡಿದ್ದೆ.

“ನನ್ನ ಮಗನ ಕುತ್ತಿಗಿನೂ ಒತ್ತಿ ನೋಡಿದ್ರಂತ ನೋಡವಾ,” ಎಂದಳು. “ಏನೂ ಸಿಗಲಿಲ್ಲ. ಎಲ್ಲಾ ಚಲೋ ಐತಿ ಅಂದ್ರಂತ.”

ಅವ್ವ ಎದ್ದು ಹೋಗಿ ಅವಳ ಪಕ್ಕ ಕೂತಳು.  ನಾನು ಬಯಸಿದ್ದು ತಿಪ್ಪೇಶನ ಆರೋಗ್ಯ, ಹುಲಿಗೆವ್ವ ಬಯಸಿದ್ದು ನನ್ನ ಗಂಟು. ಅವರಿಬ್ಬರ ಮುಂದೆ ಬಾವುಟ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಮಗ ಏನು ಮಾಡುತ್ತಾನೆಂದು ಕೇಳಿದಳು. “ಭಾಳ ಜಡ್ಡಾಗಿತ್ರಿ, ಈಗ ಆರಾಮ ಆಗ್ಯಾನ,” ಎಂದಳು ಅವ್ವ. ರೋಗದ ಹೆಸರನ್ನೂ ಹೇಳಿದಳು. ಹೆಂಗಸು ಸ್ವಲ್ಪ ಸರಿದು ಕೂತಳು. ಅವ್ವ ಆ ಜಾಗದಲ್ಲಿ ಚೀಲ ಇಟ್ಟುಕೊಂಡಳು.

ಈಗ ತಪಾಸಣೆಗೆ ಆಗಾಗ ಹುಬ್ಬಳ್ಳಿಗೆ ಹೋಗುತ್ತೇನೆ. ಹೊಸದಾಗಿ ಬಂದ ಹುಡುಗರು ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಗೆಳೆಯರ ಫೋಟೋ ನೋಡುತ್ತಿರುತ್ತಾರೆ. ಅವರ ಮುಖ ಕಂಡರೆ ತಿಳಿಯುತ್ತದೆ. ಪಕ್ಕ ಕೂತು, ನನಗೂ ಹಾಗೇ ಆಗುತ್ತಿತ್ತು ಎಂದಷ್ಟೇ ಹೇಳುತ್ತೇನೆ. ಅದು ಹೋಗುತ್ತದೆ ಎಂದು ಹೇಳುವುದಿಲ್ಲ. ವೀರೇಶ ರಜೆಗೆ ಬಂದಾಗ ಓಣಿಯ ಜನ ಅವನ ಸುತ್ತ ಸೇರಿದರೆ ನನಗೆ ಈಗಲೂ ಒಳಗೆ ಏನೋ ಚುಚ್ಚುತ್ತದೆ.

ಕಳೆದ ರಜೆಯಲ್ಲಿ ಕಾಲುವೆ ದಂಡೆಯ ಮೇಲೆ ಇಬ್ಬರೂ ನಡೆಯುತ್ತಿದ್ದೆವು. ಓಡಲು ನನ್ನಿಂದ ಆಗುವುದಿಲ್ಲ, ಅವನಿಗೂ ಮನಸ್ಸಿರಲಿಲ್ಲ. ಎರಡನೆಯ ಹಾರದ ಮಾತು ಎತ್ತಿದೆ.

“ಅದು ನಿನ್ನ ಹಾರ. ತಿಪ್ಪೇಶಗ ಯಾಕ ಹಾಕಿದಿ?”

“ನಾ ಹಾಕಲಿಲ್ಲ. ಅವನೇ ಕಸಗೊಂಡ. ಸೊಂಡೂರತನ ಬರಿ ಕೊಳ್ಳಾಗ ಹೋಗಬೇಕೇನಲೇ ಅಂದ.”

“ನೀನ ಹಾಕಿದ್ದು ನಾ ಕಣ್ಣಾರೆ ನೋಡೀನಿ.”

“ಬೂಟು ಹಾಕ್ಕೊಂಡಿದ್ದೂ ನೋಡೀನಿ ಅಂತೀದಿ,” ಎಂದ. ಆಮೇಲೆ ನೀರಿನ ಕಡೆ ನೋಡುತ್ತ ನಿಂತ. “ನಾ ಹಾಕಿಲ್ಲಣ್ಣಾ,” ಎಂದು ಇನ್ನೊಮ್ಮೆ ಹೇಳಿದ. ಹಾರದ ಜೊತೆ ನಿನ್ನ ಸಾವನ್ನೂ ಅವನಿಗೆ ಹಾಕಿದೆಯಾ ಎಂದು ನಾನು ಕೇಳಿರದ ಪ್ರಶ್ನೆಗೆ ಉತ್ತರ ಕೊಡುವವನಂತೆ ಇತ್ತು ಅವನ ದನಿ.

ಗೆಳೆಯನೊಬ್ಬನ ಫೋನಿನಲ್ಲಿ ಆ ದಿನದ ವಿಡಿಯೋ ಇದೆ. ನನ್ನ ಬೋಳು ತಲೆ, ಜಾಕೆಟ್ಟು, ಬೀಳುತ್ತಿರುವ ಮೊದಲ ಹಾರ ಕಾಣುತ್ತವೆ. ಎರಡನೆಯದನ್ನು ಹಿಡಿದ ಎರಡು ಕೈಗಳು ಮೇಲೆದ್ದಿವೆ. ಅಷ್ಟರಲ್ಲಿ ಯಾರೋ ಫೋನು ಹಿಡಿದವನನ್ನು ತಳ್ಳಿದ್ದಾರೆ, ಆಮೇಲೆ ಕಾಣುವುದು ಪ್ಲಾಟ್‌ಫಾರಮ್ಮಿನ ನೆಲ, ಉದುರಿದ ಹೂವು. ಆ ಕೈಗಳು ಯಾರವು ಎಂದು ನನಗೆ ಗೊತ್ತಿಲ್ಲ.